ಒಗ್ಗಟ್ಟಿಗೂ ಲೆಕ್ಕದ ಪುಸ್ತಕ ಬೇಕು

ಮಲೆನಾಡಿನಲ್ಲಿ ಭತ್ತದ ನಾಟಿ ಶುರುವಾದರೆ ಮುಯ್ಯಾಳಿನ ಲೆಕ್ಕವೂ ಶುರುವಾಗುತ್ತದೆ. ಇವತ್ತು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಳಿದ್ದು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು. ದುಡ್ಡಿನ ಮಾತೇ ಇಲ್ಲ. ಯಾರೂ ಬರೆದಿಡುವುದಿಲ್ಲ. ಆದರೆ ಯಾವ ಮನೆಯವರು ಯಾರಿಗೆ ಎಷ್ಟು ಆಳು ಬಾಕಿ ಅನ್ನುವುದು ಊರಿಗೆಲ್ಲ ಗೊತ್ತು. ಈ ವರ್ಷ ತಪ್ಪಿಸಿಕೊಂಡವನ ಗದ್ದೆಗೆ ಮುಂದಿನ ವರ್ಷ ಆಳು ಬರುವುದಿಲ್ಲ, ಅಷ್ಟೇ.

ಇದನ್ನು ನೋಡಿ ‘ಹಳ್ಳಿಯವರ ಮನಸ್ಸು ಎಷ್ಟು ದೊಡ್ಡದು’ ಅಂತ ಕರಗುವವರಿದ್ದಾರೆ. ದೊಡ್ಡದೇ ಇರಬಹುದು. ಆದರೆ ಮುಯ್ಯಿ ನಿಂತಿರುವುದು ಲೆಕ್ಕದ ಮೇಲೆ. ಕೂಡಿ ಬಾಳೋಣ ಅನ್ನುವ ಭಾಷಣಕ್ಕೆ ನಮ್ಮಲ್ಲಿ ಯಾವತ್ತೂ ಕೊರತೆ ಬಂದಿಲ್ಲ. ಕೂಡಿದ ಮೇಲೆ ಅಳೆಯುವವರು ಯಾರು, ಅಳತೆ ತಪ್ಪಿದರೆ ಕೇಳುವುದು ಎಲ್ಲಿ, ಕೊಡದವನನ್ನು ಏನು ಮಾಡುವುದು? ಜಗಳ ಹುಟ್ಟುವುದು ಇಲ್ಲಿ. ಕನ್ನಡ ನಾಡಿನ ಊರುಗಳು ಈ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಸಲಕರಣೆ ಕಂಡುಕೊಂಡಿವೆ. ಕೆಲವನ್ನು ಕಳೆದುಕೊಂಡಿವೆ. ಕಳೆದುಕೊಂಡ ಕಥೆಯೂ ಕಲಿಸುವುದು ಜಾಸ್ತಿ ಇದೆ.

ತೂಬಿನ ಮೇಲೆ ನಿಂತವನು

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂಬುದು ಎಲ್ಲರೂ ಹೇಳುವ ಲೆಕ್ಕ. ಕಟ್ಟಿಸಿದವರು ರಾಜರು, ಪಾಳೇಗಾರರು, ವರ್ತಕರು, ಎಷ್ಟೋ ಕಡೆ ಹೆಣ್ಣುಮಕ್ಕಳು. ಕೆರೆ ಕಟ್ಟಿಸಿದ ಪುಣ್ಯದ ಬಗ್ಗೆ ಶಾಸನಗಳು ತುಂಬಾ ಹೇಳುತ್ತವೆ. ಆದರೆ ಅದೇ ಶಾಸನಗಳಲ್ಲಿ ಇನ್ನೊಂದು ಸಣ್ಣ ಸಾಲು ಇರುತ್ತದೆ: ಕೆರೆಯ ಕೆಲಸಕ್ಕೆ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆ. ಅಂದರೆ ಏರಿ ರಿಪೇರಿಗೆ, ಹೂಳು ತೆಗೆಯುವುದಕ್ಕೆ, ನೋಡಿಕೊಳ್ಳುವವನ ಹೊಟ್ಟೆಪಾಡಿಗೆ ಇಷ್ಟು ಜಮೀನು ಅಥವಾ ಬೆಳೆಯಲ್ಲಿ ಇಷ್ಟು ಪಾಲು. ಕಟ್ಟಿದ ದಿನವೇ ಮುಂದಿನ ಖರ್ಚಿನ ದಾರಿಯನ್ನೂ ಕಲ್ಲಿನ ಮೇಲೆ ಕೊರೆದಿಟ್ಟಿದ್ದರು. ನಮ್ಮ ಕಾಲದ ಎಷ್ಟು ಯೋಜನೆಗಳಲ್ಲಿ ಈ ಒಂದು ಸಾಲು ಇರುತ್ತದೆ ಹೇಳಿ?

ಹಳೇ ಮೈಸೂರು ಸೀಮೆಯಲ್ಲಿ ನೀರು ಹಂಚುವ ಕೆಲಸ ನೀರುಗಂಟಿಯದು. ಊರಿನ ಆಯಗಾರರಲ್ಲಿ, ಅಂದರೆ ಊರ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುವವರಲ್ಲಿ, ಅವನೂ ಒಬ್ಬ. ತೂಬು ಎತ್ತುವುದು, ಇಳಿಸುವುದು, ಕಾಲುವೆಯಲ್ಲಿ ನೀರು ಎಲ್ಲೂ ಸೋರದ ಹಾಗೆ ನೋಡುವುದು, ರಾತ್ರಿ ಹೊತ್ತು ಯಾರಾದರೂ ಮಡೆ ಒಡೆದು ತಮ್ಮ ಗದ್ದೆಗೆ ತಿರುಗಿಸಿಕೊಂಡರೆ ಹಿಡಿಯುವುದು, ಎಲ್ಲವೂ ಅವನದೇ. ರೈತ ತಾನೇ ಹೋಗಿ ನೀರು ಕಟ್ಟಿಕೊಳ್ಳುವ ಹಾಗಿರಲಿಲ್ಲ. ಕೆರೆ ತುಂಬಿದ ವರ್ಷ ಪೂರ್ತಿ ಅಚ್ಚುಕಟ್ಟಿಗೆ ಭತ್ತ. ನೀರು ಕಮ್ಮಿಯಾದ ವರ್ಷ ಎಷ್ಟು ಎಕರೆಗೆ ಬಿಡುವುದು, ಯಾವ ಬೆಳೆಗೆ ಬಿಡುವುದು ಎಂದು ಊರವರು ಕೂತು ಮಾತಾಡುತ್ತಿದ್ದರು. ತೀರ್ಮಾನವಾದ ಮೇಲೆ ತೂಬಿನ ಮಾತು ನೀರುಗಂಟಿಯದು. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಒಯ್ಯುತ್ತಿದ್ದ. ಬೆಳೆ ಚೆನ್ನಾಗಿ ಬಂದರೆ ಅವನಿಗೂ ಜಾಸ್ತಿ, ಬರದಿದ್ದರೆ ಅವನಿಗೂ ಇಲ್ಲ. ಸಂಬಳಕ್ಕೆ ಇಟ್ಟ ವಾಚ್‌ಮನ್‌ಗೂ ಇವನಿಗೂ ಇದ್ದ ವ್ಯತ್ಯಾಸ ಇದು.

ಇಷ್ಟು ಹೇಳಿ ಆಹಾ ಎಂದು ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ನೀರುಗಂಟಿಗಳು ಬಹುಪಾಲು ದಲಿತರು. ನೀರು ಹಂಚುವವನಿಗೆ ಆ ನೀರು ಹರಿಯುವ ಗದ್ದೆ ಸಿಗುವುದು ಅಪರೂಪ. ಕೆಲಸ ಹುಟ್ಟಿನಿಂದ ಅಂಟಿಕೊಂಡಿದ್ದು, ಬೇಡ ಅನ್ನುವ ಹಾಗಿಲ್ಲ. ಹಾಗಾಗಿ ಸ್ವಾತಂತ್ರ್ಯ ಬಂದ ಮೇಲೆ ಇನಾಮು ರದ್ದತಿ ಕಾನೂನುಗಳು, ಆಮೇಲೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು ಸರಿಯೇ. ವಂಶದ ಚಾಕರಿ ಹೋಗಬೇಕಿತ್ತು. ತಪ್ಪಾದದ್ದು ಎಲ್ಲಿ ಅಂದರೆ, ಹುದ್ದೆ ತೆಗೆದವರು ಕೆಲಸಕ್ಕೆ ಬದಲಿ ವ್ಯವಸ್ಥೆ ಮಾಡಲಿಲ್ಲ. ತೂಬು ಹಾಗೇ ಇತ್ತು, ಅದನ್ನು ನೋಡಿಕೊಳ್ಳುವವನಿಗೆ ಕೊಡಬೇಕಾದ ಪಾಲಿನ ಲೆಕ್ಕ ಇಲ್ಲವಾಯಿತು.

ಆಮೇಲೆ ಕೆರೆಗಳು ಇಲಾಖೆಗಳ ನಡುವೆ ಹಂಚಿಹೋದವು. 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು ಇದ್ದರೆ ಸಣ್ಣ ನೀರಾವರಿ ಇಲಾಖೆ, ಕಮ್ಮಿ ಇದ್ದರೆ ಪಂಚಾಯತಿ. ಏರಿ ಬಿರುಕು ಬಿಟ್ಟರೆ ಅರ್ಜಿ ಕೊಡಬೇಕು. ಹೂಳು ತೆಗೆಯಲು ಟೆಂಡರ್ ಆಗಬೇಕು. ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಗೋಡು ಮಣ್ಣು ತಂದು ಹೊಲಕ್ಕೆ ಚೆಲ್ಲುತ್ತಿದ್ದ ರೈತ, ಸರ್ಕಾರಿ ಗೊಬ್ಬರದ ಚೀಲ ಬಂದ ಮೇಲೆ ಅದನ್ನೂ ಬಿಟ್ಟ. ಅಷ್ಟರಲ್ಲಿ ಬೋರ್‌ವೆಲ್ ಬಂತು. ಬೋರ್‌ವೆಲ್‌ಗೆ ನೀರುಗಂಟಿ ಬೇಡ, ಸಭೆ ಬೇಡ, ಪಕ್ಕದವನ ಮಾತು ಬೇಡ. ಸ್ವಿಚ್ ಒತ್ತಿದರೆ ಸಾಕು. ಕೋಲಾರದ ಕಡೆ ಆ ಕೊಳವೆಗಳು ಸಾವಿರ ಅಡಿ ದಾಟಿ ಇಳಿದಿವೆ.

2002ರಲ್ಲಿ ವಿಶ್ವಬ್ಯಾಂಕ್ ಸಾಲದೊಂದಿಗೆ ಜಲ ಸಂವರ್ಧನೆ ಯೋಜನಾ ಸಂಘ ಶುರುವಾಯಿತು. ಕೆರೆಗೊಂದು ಬಳಕೆದಾರರ ಸಂಘ ಮಾಡಿ, ರೈತರಿಂದಲೂ ಒಂದಿಷ್ಟು ವಂತಿಗೆ ತೆಗೆದುಕೊಂಡು, ಕೆರೆಯನ್ನು ಅವರ ಕೈಗೇ ಕೊಡುವುದು ಯೋಚನೆ. ಒಳ್ಳೆಯ ಯೋಚನೆಯೇ. ಎಷ್ಟೋ ಕೆರೆಗಳ ಏರಿ, ತೂಬು, ಕೋಡಿ ಸರಿಯಾದವು. ಆದರೆ ಎಷ್ಟೋ ಕಡೆ ಕಾಮಗಾರಿ ಮುಗಿದ ಮೇಲೆ ಸಂಘದ ಸಭೆಯೂ ಮುಗಿಯಿತು. ಕೆರೆಯಲ್ಲಿ ನೀರೇ ನಿಲ್ಲದ ವರ್ಷಗಳಲ್ಲಿ ಹಂಚುವುದಕ್ಕೆ ಏನಿದೆ? ಹಂಚುವುದಕ್ಕೆ ಏನೂ ಇಲ್ಲದ ಸಂಘಕ್ಕೆ ಸಭೆ ಸೇರುವ ಕಾರಣವೂ ಇರುವುದಿಲ್ಲ.

ಕರಾವಳಿಯ ಕುಮಟಾ ತಾಲೂಕಿನ ಹಳಕಾರದ್ದು ಇದಕ್ಕೆ ತಿರುಗಾದ ಕಥೆ. ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ, ಅಲ್ಲಿಯ ಕಾಡನ್ನು ನೋಡಿಕೊಳ್ಳಲು ಊರವರದೇ ಗ್ರಾಮ ಅರಣ್ಯ ಪಂಚಾಯತಿ ಆಯಿತು. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆಗೆ ನಿಯಮ. ಕಾಯುವುದಕ್ಕೆ ಊರಿನದೇ ಕಾವಲುಗಾರ. ಅವನ ಸಂಬಳಕ್ಕೆ ಊರಿನದೇ ದುಡ್ಡು. 1979ರಲ್ಲಿ ಸರ್ಕಾರ ಇಂಥ ಪಂಚಾಯತಿಗಳನ್ನು ರದ್ದು ಮಾಡಿತು. ಹಳಕಾರದವರು ಕೋರ್ಟಿಗೆ ಹೋಗಿ ತಮ್ಮದನ್ನು ಉಳಿಸಿಕೊಂಡರು. ಪಟ್ಟಣದ ಪಕ್ಕದಲ್ಲೇ ಇದ್ದೂ ಆ ಕಾಡು ಉಳಿದಿದೆ. ಕಾವಲುಗಾರನಿಗೆ ದುಡ್ಡು ಕೊಡುವವರೇ ಕಾಡನ್ನು ಬಳಸುವವರು ಕೂಡ ಅನ್ನುವುದು ಅಲ್ಲಿ ಕೆಲಸ ಮಾಡಿದೆ ಅಂತ ನನ್ನ ಅನಿಸಿಕೆ.

ಇದೇ ವಿಷಯವನ್ನು ಜಗತ್ತಿನ ಹಲವು ಕಡೆಯ ಉದಾಹರಣೆ ಕೂಡಿಸಿ ಹೇಳಿದವರು ಅಮೆರಿಕದ ಎಲಿನಾರ್ ಆಸ್ಟ್ರಂ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಎಲ್ಲರದೂ ಆದದ್ದು ಹಾಳಾಗಿಯೇ ತೀರುತ್ತದೆ, ಆದ್ದರಿಂದ ಸರ್ಕಾರಕ್ಕೆ ಕೊಡಿ ಇಲ್ಲವೇ ಖಾಸಗಿಗೆ ಮಾರಿ ಎಂಬ ವಾದ ಅವರು ಈ ಕೆಲಸಕ್ಕೆ ಇಳಿದ ಕಾಲದಲ್ಲಿ ಜೋರಾಗಿತ್ತು. ಅವರು ಸ್ಪೇನಿನ ಕಾಲುವೆ, ಸ್ವಿಟ್ಜರ್‌ಲೆಂಡಿನ ಹುಲ್ಲುಗಾವಲು, ಫಿಲಿಪೀನ್ಸಿನ ನೀರಾವರಿ ಗುಂಪುಗಳನ್ನು ನೋಡಿದರು. ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರ ನಿಯಮ ಒಂದಿದೆ: ಚಳಿಗಾಲದಲ್ಲಿ ನಿನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಗೋಮಾಳಕ್ಕೆ ಬಿಡಬೇಕು. ಎಷ್ಟು ಸರಳ ನೋಡಿ. ಸರ್ವೆ ಬೇಡ, ಅಧಿಕಾರಿ ಬೇಡ. ಪಕ್ಕದ ಮನೆ ಕೊಟ್ಟಿಗೆಯಲ್ಲಿ ಎಷ್ಟು ಹಸು ಇದೆ ಅಂತ ಯಾರಿಗೆ ಗೊತ್ತಿರುವುದಿಲ್ಲ?

ಕಣಗಿನಹಾಳದ ಸೊಸೈಟಿ

ಸಾಲದ ಕಥೆ ಬೇರೆ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬಿಜಾಪುರದ ಕಡೆಯೂ ಹೊಲ ಬಿಕೋ ಅಂದವು. ಅದಕ್ಕೂ ಮುಂಚೆ, 1875ರಲ್ಲಿ, ಪುಣೆ ಜಿಲ್ಲೆಯ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟಿದ್ದರು. ದುಡ್ಡಿಗಿಂತ ಹೆಚ್ಚಾಗಿ ಕಾಗದಕ್ಕೆ ಕೈ ಹಾಕಿದ್ದನ್ನು ಗಮನಿಸಿ. ಆ ಕಾಗದದಲ್ಲಿ ಏನು ಬರೆದಿದೆ ಅನ್ನುವುದು ಅವರಲ್ಲಿ ಬಹುಪಾಲು ಜನರಿಗೆ ಓದಲು ಬರುತ್ತಿರಲಿಲ್ಲ.

ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿಗೆ ಕಳಿಸಿತು. 1895ರಿಂದ 97ರ ನಡುವೆ ಅವನು ಕೊಟ್ಟ ದೊಡ್ಡ ವರದಿಯ ಸಾರ ಇಷ್ಟು: ರೈಫೈಸನ್‌ನಂಥವನನ್ನು ಹುಡುಕಿ. ಯಾರು ಈ ರೈಫೈಸನ್? ಜರ್ಮನಿಯ ಒಂದು ಹಳ್ಳಿಗಾಡಿನ ಮೇಯರ್. 1846–47ರ ಹಸಿವಿನ ಚಳಿಗಾಲದಲ್ಲಿ ಬಡವರಿಗೆ ಹಿಟ್ಟು, ರೊಟ್ಟಿ ಒದಗಿಸಲು ಉಳ್ಳವರ ಸಂಘ ಕಟ್ಟಿದವನು. ದಾನದ ಸಂಘಗಳು ಉತ್ಸಾಹ ಇರುವವರೆಗೆ ನಡೆದು ಸೊರಗಿದವು. 1864ರಲ್ಲಿ ಅವನು ದಾರಿ ಬದಲಿಸಿದ. ಸಾಲ ತೆಗೆದುಕೊಳ್ಳುವವರೇ ಸದಸ್ಯರು, ಅವರೇ ಒಬ್ಬರಿಗೊಬ್ಬರು ಜಾಮೀನು. ಇದಕ್ಕೂ 20 ವರ್ಷ ಹಿಂದೆ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ ಸೇರಿ ಅಂಗಡಿ ತೆರೆದಿದ್ದರು. ಸರಿಯಾದ ತೂಕ, ಉದ್ರಿ ಇಲ್ಲ, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ, ಲಾಭ ಬಂದರೆ ಕೊಂಡ ಸಾಮಾನಿಗೆ ತಕ್ಕಂತೆ ಹಂಚಿಕೆ. ನಮ್ಮ ಸಹಕಾರ ಕಾನೂನಿನ ಬೇರು ಈ ಎರಡು ಕಡೆ ಇದೆ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರ ಮೇ ತಿಂಗಳಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಆಗ ಅವರ ವಯಸ್ಸು ಅರವತ್ತು ದಾಟಿತ್ತು. ಏಷ್ಯಾದ ಮೊದಲ ಸಹಕಾರಿ ಸಂಘ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ತಮಿಳುನಾಡಿನ ತಿರೂರಿನವರು 1904ರ ತಮ್ಮ ಸಂಘವನ್ನು ತೋರಿಸುತ್ತಾರೆ. ಮೊದಲು ಯಾರು ಅನ್ನುವ ಜಗಳದಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಸಂಘದ ಒಳಗೆ ಏನಿತ್ತು ಅನ್ನುವುದೇ ಮುಖ್ಯ.

ಒಳಗೆ ಇದ್ದದ್ದು ‘ಅಪರಿಮಿತ ಹೊಣೆ’. 1904ರ ಕಾಯ್ದೆ ಹಳ್ಳಿಯ ಸಂಘಗಳಿಗೆ ಇದನ್ನೇ ನಿಯಮ ಮಾಡಿತ್ತು. ಹೀಗೆ ಯೋಚಿಸಿ. ನೀವೂ ನಾನೂ ಒಂದೇ ಊರಿನವರು, ಒಂದೇ ಸಂಘದ ಸದಸ್ಯರು. ಎತ್ತು ಕೊಳ್ಳಲು ಸಾಲ ಬೇಕೆಂದು ಒಬ್ಬ ಅರ್ಜಿ ಹಾಕಿದ್ದಾನೆ. ಅವನು ಕಟ್ಟದಿದ್ದರೆ ಸಂಘ ಮುಳುಗುತ್ತದೆ. ಸಂಘ ಮುಳುಗಿದರೆ ಸಂಘಕ್ಕೆ ಸಾಲ ಕೊಟ್ಟವರು ನನ್ನ ಹೊಲಕ್ಕೂ ಬರಬಹುದು, ನಿಮ್ಮ ಹೊಲಕ್ಕೂ ಬರಬಹುದು. ಆಗ ನಾವು ಸುಮ್ನೆ ಕೈ ಎತ್ತುತ್ತೇವಾ? ನಿಜವಾಗಿ ಎತ್ತಿಗಾ, ಮಗಳ ಮದುವೆಗಾ ಎಂದು ಕೇಳುತ್ತೇವೆ. ಕೊಂಡ ಎತ್ತನ್ನು ಹೋಗಿ ನೋಡುತ್ತೇವೆ. ಬ್ಯಾಂಕಿನ ಇನ್‌ಸ್ಪೆಕ್ಟರ್ ಮಾಡಬೇಕಾದ ಕೆಲಸವನ್ನು ಊರಿನ ಕಣ್ಣುಗಳೇ ಪುಕ್ಕಟೆ ಮಾಡುತ್ತವೆ. ಲಾಭವನ್ನು ಹಂಚಿಕೊಳ್ಳುವ ಹಾಗಿರಲಿಲ್ಲ. ಮೀಸಲು ನಿಧಿಗೆ ಹೋಗಬೇಕು. ವರ್ಷಕ್ಕೊಮ್ಮೆ ರಿಜಿಸ್ಟ್ರಾರ್ ಕಡೆಯಿಂದ ಲೆಕ್ಕ ತಪಾಸಣೆ.

ಕೊರತೆಯೂ ಇಲ್ಲೇ ಇತ್ತು. ತನ್ನ ಹೊಲ ಪಣಕ್ಕಿಟ್ಟವನು ಹೊಲ ಇಲ್ಲದವನನ್ನು ಸದಸ್ಯನಾಗಲು ಯಾಕೆ ಬಿಡುತ್ತಾನೆ? ಗೇಣಿದಾರ, ಕೂಲಿಕಾರ, ದಲಿತ ಎಲ್ಲರೂ ಬಾಗಿಲಾಚೆಯೇ ಉಳಿದರು. ಅವರಿಗೆ ಸಾಹುಕಾರನೇ ಗತಿ. ಅರ್ಧ ಶತಮಾನ ಆದ ಮೇಲೆ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆದಾಗ, 1951–52ರಲ್ಲಿ ಹಳ್ಳಿಗರು ಮಾಡಿದ ಸಾಲದಲ್ಲಿ ಸಹಕಾರಿಗಳ ಪಾಲು ಶೇ 3.1 ಮಾತ್ರ ಎಂದು ಗೊತ್ತಾಯಿತು.

1954ರಲ್ಲಿ ಆ ಸಮೀಕ್ಷೆಯ ವರದಿ ಹೇಳಿದ ಮದ್ದು, ಸರ್ಕಾರವೇ ಪಾಲುದಾರ ಆಗಬೇಕು ಎಂಬುದು. ಸರ್ಕಾರ ಷೇರು ಹಾಕಿತು, ದುಡ್ಡು ಮೇಲಿನಿಂದ ಇಳಿಯಿತು, ಸಾಲ ತುಂಬಾ ಜನರಿಗೆ ತಲುಪಿತು. ಇದನ್ನು ಸಣ್ಣ ಸಾಧನೆ ಅಂತ ನಾನು ಹೇಳುವುದಿಲ್ಲ. ಇವತ್ತಿಗೂ ಹಳ್ಳಿಯಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲ ಅಂದರೆ ಸೊಸೈಟಿಯೇ. 2023ರಿಂದ ಅದರ ಮಿತಿ 5 ಲಕ್ಷ ರೂಪಾಯಿ. ಆದರೆ ದುಡ್ಡು ಊರಿನದು ಅಲ್ಲ ಅಂದ ಮೇಲೆ ಊರಿನ ಕಣ್ಣುಗಳು ಬೇರೆ ಕಡೆ ತಿರುಗಿದವು. ಮಾರ್ಚ್ ಕೊನೆಯಲ್ಲಿ ಯಾವ ಸೊಸೈಟಿಗೆ ಬೇಕಾದರೂ ಹೋಗಿ ನೋಡಿ. ರೈತ ಒಂದು ದಿನದ ಮಟ್ಟಿಗೆ ಕೈಸಾಲ ತಂದು ಹಳೇ ಸಾಲ ಕಟ್ಟುತ್ತಾನೆ. ಒಂದೆರಡು ದಿನದಲ್ಲಿ ಹೊಸ ಸಾಲ ಮಂಜೂರಾಗುತ್ತದೆ, ಕೈಸಾಲ ವಾಪಸು ಹೋಗುತ್ತದೆ. ಎಷ್ಟೋ ಕಡೆ ಆ ಕೈಸಾಲವೂ ಬೇಡ, ಪುಸ್ತಕದಲ್ಲೇ ಅಡ್ಜಸ್ಟ್‌ಮೆಂಟ್. ಲೆಕ್ಕದಲ್ಲಿ ವಸೂಲಿ ಭರ್ಜರಿ.

ಸಾಲ ಮನ್ನಾ ಇನ್ನೊಂದು ಅಧ್ಯಾಯ. 1990ರಲ್ಲಿ ಕೇಂದ್ರ ಸರ್ಕಾರ 10 ಸಾವಿರ ರೂಪಾಯಿವರೆಗೆ ಮನ್ನಾ ಮಾಡಿತು. 2017ರಲ್ಲಿ ರಾಜ್ಯ ಸರ್ಕಾರ ಸಹಕಾರಿ ಬೆಳೆ ಸಾಲದಲ್ಲಿ 50 ಸಾವಿರದವರೆಗೆ, ಅದರ ಮರುವರ್ಷ ಇನ್ನೊಂದು ಸರ್ಕಾರ ಮತ್ತಷ್ಟು. ಬರದ ಮೇಲೆ ಬರ ಬಿದ್ದ ರೈತನಿಗೆ ಮನ್ನಾ ಬೇಡ ಎನ್ನುವ ಗಟ್ಟಿ ಎದೆ ನನಗಿಲ್ಲ. ಆದರೆ ಎಮ್ಮೆ ಮಾರಿ ಗಡುವಿನೊಳಗೆ ಕಟ್ಟಿದವನು ಸೊಸೈಟಿ ಕಟ್ಟೆ ಮೇಲೆ ಕೂತು ‘ನಾನೇ ಪೆದ್ದ ಆದೆ ಅಲ್ವಾ’ ಎಂದರೆ, ಅವನಿಗೆ ಯಾವ ಮಂತ್ರಿಯೂ ಉತ್ತರ ಕೊಡಲಾರರು.

ಅಡಿಕೆಯ ರಾಶಿ, ಹಾಲಿನ ಸ್ಯಾಂಪಲ್

ಸಾಲಕ್ಕಿಂತ ಮಾರಾಟದಲ್ಲಿ ಸಹಕಾರ ಗಟ್ಟಿಯಾಗಿ ನಿಂತಿದೆ. ಇದಕ್ಕೆ ಕಾರಣ ಇದೆ.

ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಅದಕ್ಕೆ ಮುಂಚೆ ಅಡಿಕೆ ಬೆಳೆಗಾರ ವ್ಯಾಪಾರಿಯ ಹತ್ತಿರವೇ ಮುಂಗಡ ತಿಂದಿರುತ್ತಿದ್ದ. ತೂಕ ಅವನದು, ದರ ಅವನದು, ಲೆಕ್ಕವೂ ಅವನದು. ಸೊಸೈಟಿ ಬಂದು ಈ ಮೂರನ್ನೂ ಬೇರೆ ಬೇರೆ ಮಾಡಿತು. ಬೆಳೆಗಾರನ ಅಡಿಕೆ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ವಿಂಗಡವಾಗಿ ಅವನ ಹೆಸರಿನಲ್ಲೇ ಅಂಗಳದಲ್ಲಿ ಕೂರುತ್ತದೆ. ವ್ಯಾಪಾರಿಗಳು ಮುಟ್ಟಿ, ಒಡೆದು, ಮೂಸಿ ನೋಡಿ ಟೆಂಡರ್ ಬರೆಯುತ್ತಾರೆ. ಜಾಸ್ತಿ ಬರೆದವನಿಗೆ ಮಾಲು. ಆ ದರಕ್ಕೆ ಮನಸ್ಸು ಒಪ್ಪದಿದ್ದರೆ ಬೆಳೆಗಾರ ಇನ್ನೊಂದು ದಿನಕ್ಕೆ ಕಾಯಬಹುದು. ಕಾಯುವ ಶಕ್ತಿ ಬರಲು ಅಡಿಕೆಯ ಮೇಲೆ ಮುಂಗಡ, ಮನೆ ಸಾಮಾನು ಎಲ್ಲವೂ ಸೊಸೈಟಿಯಲ್ಲೇ. ಐವತ್ತು ವರ್ಷದ ನಂತರ ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ದರ ನೆಲ ಕಚ್ಚಿದಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದು ಒಂದು ಹೆಜ್ಜೆ ಮುಂದೆ ಹೋಗಿ ತಾನೇ ಅಡಿಕೆ ಕೊಳ್ಳಲು ನಿಂತಿತು. ಪೇಟೆಯಲ್ಲಿ ಕ್ಯಾಂಪ್ಕೊ ದರ ಎಷ್ಟು ಎಂದು ಕೇಳಿಕೊಂಡೇ ಖಾಸಗಿಯವರು ಬಾಯಿ ಬಿಡುವ ಹಾಗಾಯಿತು. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರ ಕಂಗಾಲಾದ ಮೇಲೆ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ತೆರೆಯಿತು.

ಹಾಲಿನದು ಇನ್ನೂ ಸ್ವಾರಸ್ಯ. ಗುಜರಾತಿನ ಖೇಡಾದಲ್ಲಿ 1946ರಲ್ಲಿ ಶುರುವಾದ ಮಾದರಿ ಕರ್ನಾಟಕಕ್ಕೆ ದೊಡ್ಡ ಮಟ್ಟದಲ್ಲಿ ಬಂದದ್ದು 1974ರಲ್ಲಿ, ವಿಶ್ವಬ್ಯಾಂಕ್ ನೆರವಿನ ಯೋಜನೆಯಾಗಿ. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು. ನಂದಿನಿ ಪ್ಯಾಕೆಟ್ ಎಲ್ಲರಿಗೂ ಗೊತ್ತು. ಪ್ಯಾಕೆಟ್ಟಿನ ಹಿಂದೆ ಇರುವ ಬೆಳಗಿನ ಕೆಲಸ ಪಟ್ಟಣದವರಿಗೆ ಅಷ್ಟು ಗೊತ್ತಿಲ್ಲ.

ಬೆಳಗ್ಗೆ ಆರೂವರೆ, ಏಳು. ಡೇರಿ ಮುಂದೆ ಸ್ಟೀಲ್ ಕ್ಯಾನು ಹಿಡಿದವರ ಸಾಲು. ಒಂದು ಲೀಟರ್ ತಂದ ಮುದುಕಿಯ ಹಿಂದೆ ನಲವತ್ತು ಲೀಟರ್ ತಂದವನು ನಿಂತಿರುತ್ತಾನೆ. ಹಾಲು ಸುರಿದರೆ ತೂಕ ಎದುರಿಗೇ ಕೆಂಪು ಅಂಕಿಯಲ್ಲಿ ಕಾಣುತ್ತದೆ. ಒಂದು ಸೌಟಿನಷ್ಟು ಸ್ಯಾಂಪಲ್ ಮಿಷನ್ನಿಗೆ. ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ) ಇಷ್ಟು, ದರ ಇಷ್ಟು ಎಂದು ಚೀಟಿ ಬರುತ್ತದೆ. ‘ಏನ್ರೀ ಸೆಕ್ರೆಟ್ರಿ, ನಿನ್ನೆ 4.2 ಇತ್ತು, ಇವತ್ತು 3.8?’ ಎಂದು ಮುದುಕಿ ಜೋರು ಮಾಡುತ್ತಾಳೆ. ‘ಹಿಂಡಿ ಕಮ್ಮಿ ಮಾಡಿದ್ರೇನೋ ಅಜ್ಜಿ’ ಎಂದು ಹಿಂದಿನವನು ರೇಗಿಸುತ್ತಾನೆ. ಮಿಷನ್ನು ಬರುವ ಮುಂಚೆ ಗಾಜಿನ ಕೊಳವೆಗೆ ಆಸಿಡ್ ಹಾಕಿ, ಕೈಯಲ್ಲಿ ತಿರುಗಿಸಿ ಫ್ಯಾಟ್ ನೋಡುತ್ತಿದ್ದರು. ಆಗ ಸೆಕ್ರೆಟರಿ ಕಣ್ಣಳತೆಯ ಮೇಲೆ ಅನುಮಾನ ಜಾಸ್ತಿ ಇತ್ತು. ಈಗ ಅನುಮಾನ ಮಿಷನ್ನಿನ ಮೇಲೆ. ಸರಿ, ಅನುಮಾನ ಇರಲಿ ಬಿಡಿ. ಅದನ್ನು ಹತ್ತು ಜನರೆದುರು ಜೋರಾಗಿ ಹೇಳಲು ಜಾಗ ಇದೆಯಲ್ಲ, ದೊಡ್ಡ ವಿಷಯ ಅದು. ಬಟವಾಡೆ ದಿನ ಲೆಕ್ಕ ತಾಳೆ ನೋಡುವುದು ಬಹುತೇಕ ಹೆಂಗಸರೇ.

ಸಾಲದ ಸೊಸೈಟಿಗೂ ಹಾಲಿನ ಡೇರಿಗೂ ಇರುವ ವ್ಯತ್ಯಾಸ ಇದು: ಒಂದರಲ್ಲಿ ಲೆಕ್ಕ ವರ್ಷಕ್ಕೊಮ್ಮೆ, ಆಡಿಟರ್ ಕೈಯಲ್ಲಿ. ಇನ್ನೊಂದರಲ್ಲಿ ದಿನಕ್ಕೆರಡು ಸಲ, ಹಾಲು ಹಾಕುವವರ ಕೈಯಲ್ಲಿ. ಮೇಲ್ಮಟ್ಟದ ಒಕ್ಕೂಟಗಳಲ್ಲಿ ರಾಜಕೀಯ ಇಲ್ಲ ಅಂತಲ್ಲ, ಧಾರಾಳವಾಗಿ ಇದೆ. ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬಿದ್ದು ರೈತರು ಗೊಣಗುವುದೂ ಇದೆ. ಆದರೂ ಹಾಲಿನ ದುಡ್ಡನ್ನು ಡೇರಿ ತಡ ಮಾಡಿದರೆ ಊರಲ್ಲಿ ಎರಡನೇ ವಾರಕ್ಕೆ ಗಲಾಟೆ.

ಪೆಟ್ಟಿಗೆ ಮತ್ತು ಇಪ್ಪತ್ತು ಜನ

1980ರ ದಶಕದ ನಡುವೆ ಇನ್ನೊಂದು ಸಲಕರಣೆ ಹುಟ್ಟಿತು. ಅದರ ಹುಟ್ಟು ಒಂದು ಸೋಲಿನಿಂದ. 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆ ಎಂದು ಶುರುವಾದ ಮೈರಾಡ ಸಂಸ್ಥೆ ಆಮೇಲೆ ಹಳ್ಳಿಗಳಲ್ಲಿ ಸಹಕಾರಿ ಸಂಘಗಳನ್ನು ಬೆಳೆಸಲು ಹೊರಟಿತ್ತು. 1984–85ರ ಹೊತ್ತಿಗೆ ಅಂಥ ಕೆಲವು ದೊಡ್ಡ ಸಂಘಗಳು ಒಡೆದವು. ಪದಾಧಿಕಾರಿಗಳ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಒಡೆದವರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸೊಸೈಟಿಗೆ ಕಟ್ಟುವುದಿಲ್ಲ, ಸಾಲವನ್ನು ಬೇಕಾದರೆ ನಿಮಗೇ ವಾಪಸು ಕೊಡುತ್ತೇವೆ ಎಂದರು. ನಮಗೆ ಯಾಕೆ, ನಿಮ್ಮ ನಿಮ್ಮಲ್ಲೇ ಕಟ್ಟಿಕೊಂಡು ನಿಮ್ಮಲ್ಲೇ ಸಾಲ ಕೊಟ್ಟುಕೊಳ್ಳಿ ಎಂದರು ಸಂಸ್ಥೆಯವರು. ಸ್ವಸಹಾಯ ಗುಂಪು ಎಂದು ಇವತ್ತು ನಾವು ಕರೆಯುವುದರ ಒಂದು ಮುಖ್ಯ ಬೇರು ಇದು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರು. ಅಡವು ಇಲ್ಲದೆ, ಗುಂಪಿನ ನಡಾವಳಿ ಪುಸ್ತಕ ನೋಡಿ ಬ್ಯಾಂಕ್ ಸಾಲ ಕೊಟ್ಟಿತು. ಹೊಲ ಇಲ್ಲದವರಿಗೆ ಮೊದಲ ಸಲ ಬಾಗಿಲು ತೆರೆದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಿಂದ.

ಗುಂಪಿನಲ್ಲಿ ಹತ್ತರಿಂದ ಇಪ್ಪತ್ತು ಜನ. ಇಪ್ಪತ್ತಕ್ಕಿಂತ ಜಾಸ್ತಿ ಆದರೆ ಕಂಪನಿ ಕಾನೂನಿನ ಪ್ರಕಾರ ನೋಂದಣಿ ಬೇಕಾಗುತ್ತಿತ್ತು ಎಂಬುದು ಒಂದು ಕಾರಣ. ಒಬ್ಬರ ಕಷ್ಟ ಒಬ್ಬರಿಗೆ ಗೊತ್ತಿರಲು ಅಷ್ಟೇ ಜನ ಸರಿ ಎಂಬುದು ಇನ್ನೊಂದು. ವಾರಕ್ಕೊಂದು ಸಭೆ. ಚಾಪೆ ಹಾಸಿ ಸುತ್ತ ಕೂರುತ್ತಾರೆ. ಮೊದಲು ಹಾಜರಿ. ತಡವಾಗಿ ಬಂದರೆ ದಂಡ; ಕಾರಣ ಹೇಳದೆ ಬಾರದಿದ್ದರೆ ಅದರ ಎರಡರಷ್ಟು. ಉಳಿತಾಯದ ದುಡ್ಡು ನಡುವೆ ಬೀಳುತ್ತದೆ, ಎಲ್ಲರೆದುರು ಎಣಿಕೆ. ಆಮೇಲೆ ಒಳಸಾಲದ ಮಾತು. ಯಾರಿಗೆ, ಯಾಕೆ, ಎಷ್ಟು ತಿಂಗಳಿಗೆ. ಓದು ಬಾರದವರಿಗೂ ತಮ್ಮ ಪಾಸ್ ಪುಸ್ತಕದ ಕೊನೆಯ ಅಂಕಿ ಬಾಯಿಪಾಠ. ಪೆಟ್ಟಿಗೆ ಒಬ್ಬಳ ಮನೆಯಲ್ಲಿ ಇದ್ದರೆ ಬೀಗದ ಕೈ ಇನ್ನೊಬ್ಬಳ ಸೆರಗಿನಲ್ಲಿ. ಇಬ್ಬರು ಪ್ರತಿನಿಧಿಗಳು ಆಗಾಗ ಬದಲು. ಆಸ್ಟ್ರಂ ದೂರದ ಊರುಗಳಲ್ಲಿ ಕಂಡ ನಿಯಮಗಳೆಲ್ಲ ಈ ಚಾಪೆಯ ಮೇಲೆ ಇದ್ದವು.

2000ದ ಇಸವಿಯಿಂದ ಸ್ತ್ರೀಶಕ್ತಿ ಯೋಜನೆ ಬಂದು ಊರೂರಲ್ಲಿ ಗುಂಪು ಆದವು. ಜೊತೆಗೇ ಇನ್ನೊಂದು ಬೆಳವಣಿಗೆ. ಗುಂಪಿನ ಜಾಮೀನು ಎಷ್ಟು ಗಟ್ಟಿ ಎಂದು ಲೇವಾದೇವಿ ಕಂಪನಿಗಳಿಗೂ ಗೊತ್ತಾಯಿತು. ಅವರೂ ಗುಂಪು ಕಟ್ಟಿದರು. ನೋಡಲು ಎರಡೂ ಒಂದೇ: ಅದೇ ಹೆಂಗಸರು, ಅದೇ ಚಾಪೆ, ಅದೇ ವಾರ. ಆದರೆ ಇಲ್ಲಿ ಒಳಸಾಲದ ಮಾತಿಲ್ಲ, ದಂಡ ಎಷ್ಟೆಂದು ತೀರ್ಮಾನ ಮಾಡುವವರು ಹೆಂಗಸರಲ್ಲ, ಕಂತು ಎಣಿಸಿಕೊಂಡು ಹೋಗುವವನು ಬೈಕಿನ ಮೇಲೆ ಬಂದ ಹುಡುಗ. ಒಬ್ಬಳು ಕಟ್ಟದಿದ್ದರೆ ಉಳಿದವರೆಲ್ಲ ಅವಳ ಮನೆ ಬಾಗಿಲಲ್ಲಿ ಕೂರಬೇಕು. ರೈಫೈಸನ್ ಊರಿನ ರಕ್ಷಣೆಗೆ ಎಂದು ಯೋಚಿಸಿದ್ದ ಒಟ್ಟು ಜಾಮೀನು ಇಲ್ಲಿ ಊರಿನ ಕುತ್ತಿಗೆಗೆ ಬಂತು. ಕಿರುಕುಳ ತಾಳದೆ ಊರು ಬಿಟ್ಟವರು, ಪ್ರಾಣ ಬಿಟ್ಟವರ ಸುದ್ದಿ ಸಾಲಾಗಿ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು.

ಮಹಾಸಭೆಯಲ್ಲಿ ಏನು ಕೇಳಬೇಕು

ಕಾನೂನುಗಳಿಗೆ ಈಗ ಕೊರತೆಯಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಇದೆ. ಸರ್ಕಾರದ ಹಿಡಿತ ಬೇಡ ಎನ್ನುವವರಿಗೆ 1997ರ ಸೌಹಾರ್ದ ಕಾಯ್ದೆ ಇದೆ. 2002ರಿಂದ ರೈತರು ಉತ್ಪಾದಕರ ಕಂಪನಿ ಮಾಡಿಕೊಳ್ಳಬಹುದು. 2020ರಲ್ಲಿ ಅಂಥ 10 ಸಾವಿರ ರೈತ ಉತ್ಪಾದಕರ ಸಂಸ್ಥೆ ಕಟ್ಟುವ ಯೋಜನೆ ಬಂತು. 2021ರಲ್ಲಿ ಕೇಂದ್ರದಲ್ಲಿ ಸಹಕಾರಕ್ಕೇ ಒಂದು ಮಂತ್ರಾಲಯ ಆಯಿತು. 2022ರಲ್ಲಿ ದೇಶದ 63 ಸಾವಿರ ಸೊಸೈಟಿಗಳಿಗೆ ಕಂಪ್ಯೂಟರ್ ಕೊಡುವ ತೀರ್ಮಾನ. ಕಂಪ್ಯೂಟರ್ ಬಂದರೆ ಪುಸ್ತಕದ ಅಡ್ಜಸ್ಟ್‌ಮೆಂಟ್ ಕಷ್ಟ ಆಗಬಹುದು. ಆದರೆ ಲೆಕ್ಕ ಸದಸ್ಯನ ಕಣ್ಣಿಗೆ ಬೀಳುತ್ತದಾ, ಅಥವಾ ಬೆಂಗಳೂರು, ದೆಹಲಿಯ ಪರದೆಯ ಮೇಲೆ ಮಾತ್ರವಾ? ಎರಡನೆಯದಾದರೆ ಊರಿಗೆ ಬಂದ ಲಾಭ ಅಷ್ಟಕ್ಕಷ್ಟೇ.

ಕರ್ನಾಟಕದಲ್ಲಿ ಸಹಕಾರಿ ಸಂಘಗಳು ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಸಭೆಗಳಿಗೆ ಬಾರದೇ ಉಳಿದವರಿಗೆ ಮತದ ಹಕ್ಕು ಇದೆಯೇ ಎಂಬ ಪ್ರಶ್ನೆಯೂ ಸೇರಿ, ಚುನಾವಣೆ ಬಂದಾಗಲೆಲ್ಲ ಮತದಾರರ ಪಟ್ಟಿಯ ಜಗಳ ಹೈಕೋರ್ಟ್ ಮುಟ್ಟುತ್ತದೆ. ಹಾಗಾಗಿ ಆ ದಿನ ಜನ ಬರುತ್ತಾರೆ. ಹಾಜರಿಗೆ ಸಹಿ ಹಾಕುತ್ತಾರೆ, ಉಪ್ಪಿಟ್ಟು ಕೇಸರಿಬಾತ್ ತಿನ್ನುತ್ತಾರೆ, ಅಧ್ಯಕ್ಷರ ಭಾಷಣದ ನಡುವೆ ಎದ್ದು ಹೋಗುತ್ತಾರೆ. ಕುರ್ಚಿಯ ಮೇಲೆ ಬಿಟ್ಟುಹೋದ ವಾರ್ಷಿಕ ವರದಿಯಲ್ಲಿ ಜಮಾ ಖರ್ಚು ಪೂರ್ತಿ ಇರುತ್ತದೆ.

ನೀವು ಯಾವುದಾದರೂ ಸಂಘದ ಸದಸ್ಯರಾಗಿದ್ದರೆ ಆ ವರದಿಯಲ್ಲಿ ನಾಲ್ಕು ಅಂಕಿ ಹುಡುಕಿ. ಸುಸ್ತಿ ಸಾಲ, ಅಂದರೆ ಗಡುವು ಮೀರಿದ ಸಾಲ ಎಷ್ಟು, ಕಳೆದ ವರ್ಷಕ್ಕಿಂತ ಏರಿದೆಯಾ. ಮೀಸಲು ನಿಧಿ ಎಷ್ಟು, ಅದು ಎಲ್ಲಿ ಠೇವಣಿಯಲ್ಲಿದೆ. ಆಡಿಟ್‌ನಲ್ಲಿ ಸಂಘಕ್ಕೆ ಸಿಕ್ಕ ವರ್ಗ ಎ, ಬಿ, ಸಿ, ಡಿ ಯಾವುದು. ನಿರ್ದೇಶಕರ ಮತ್ತು ಅವರ ಮನೆಯವರ ಹೆಸರಿನಲ್ಲಿ ಸಾಲ ಎಷ್ಟಿದೆ. ಕೊನೆಯದು ಅಚ್ಚಾದ ವರದಿಯಲ್ಲಿ ಸಿಗದಿದ್ದರೆ ಎದ್ದು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಯಲು ಹೇಳಿ.